ಅಪ್ಪನ ವಾಚಿನ ಪುಡಿ

೩ ಜೂನ್ ೧೯೯೮

ಗಡಿಯಾರದ ಮಾವನಿಗೆ,

ಅಕ್ಷರ ನೋಡಿ ನೀವು ನನ್ನನ್ನು ಗುರುತು ಹಿಡಿಯಲಾರಿರಿ. ಬಂದರಿನ ಮುಳುಗುಗಾರನ ಮಗಳು ನಾನು. ನಿಮ್ಮ ಅಂಗಡಿಯ ಎತ್ತರದ ಸ್ಟೂಲಿನಿಂದ ಬಿದ್ದು ಗದ್ದ ಒಡೆದುಕೊಂಡವಳು. ಈಗ ನೆನಪಾಗಿರಬೇಕು. ನಿಮಗೆ ಎರಡೂ ಕಿವಿ ಹೋಗಿವೆ, ಫೋನು ಮಾಡಿದರೆ ಗೋಡೆಗೆ ಮಾಡಿದ ಹಾಗೆ ಎಂದು ಅಪ್ಪ ನಗುತ್ತಿದ್ದರು. ಅದಕ್ಕೇ ಕಾಗದ.

ಅಪ್ಪ ಹೋಗಿ ಹನ್ನೊಂದು ತಿಂಗಳಾಯಿತು. ನಿಮ್ಮ ಕಾರ್ಡು ಆಗಲೇ ತಲುಪಿತ್ತು. ಉತ್ತರಿಸಲು ಕೈ ಬರಲಿಲ್ಲ, ಕ್ಷಮಿಸಿ. ಅವರ ಡೈವಿಂಗ್ ವಾಚು ಈಗ ನನ್ನದು. ಮೂವತ್ತು ವರ್ಷ ಹಡಗಿನ ತಳ ಉಜ್ಜುವಾಗ, ಧಕ್ಕೆಯ ಕಂಬಗಳ ಬುಡ ತಪಾಸಣೆ ಮಾಡುವಾಗ ಕೈಮೇಲಿದ್ದ ವಾಚು. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೂ ಪ್ರತಿ ಭಾನುವಾರ ಅದನ್ನು ನಲ್ಲಿಯ ಕೆಳಗೆ ಹಿಡಿದು, ಹೊರಬಳೆಯನ್ನು ಒಂದು ಸುತ್ತು ತಿರುಗಿಸಿ, ಒರೆಸಿ ಇಡುತ್ತಿದ್ದರು. "ಸಮುದ್ರ ಬಿಟ್ಟರೂ ಉಪ್ಪು ಬಿಡಲ್ಲ ಕಣೆ" ಎನ್ನುತ್ತಿದ್ದರು. ಅವರು ಹೋದ ಮೇಲೆ ನಾನು ಅದನ್ನು ಡ್ರಾಯರಿಗೆ ಹಾಕಿದ್ದೆ. ಹೋದ ವಾರ ತೆಗೆದು ನೋಡಿದರೆ ಗಾಜಿನ ಒಳಗೆ ಹಬೆ. ಎಂಟು ಹತ್ತಕ್ಕೆ ನಿಂತಿತ್ತು.

ನಾನು ಕಟ್ಟುಹಲ್ಲು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಸಣ್ಣ ಚಿಮುಟ, ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ, ಗಾಳಿ ಊದುವ ರಬ್ಬರ್ ಬುಗ್ಗೆ, ಎಲ್ಲವೂ ನನ್ನ ಬಳಿಯೇ ಇವೆ. ಊಟದ ಮೇಜಿನ ಮೇಲೆ ಬಿಳಿ ಕಾಗದ ಹಾಸಿ ಬಿಚ್ಚಿಯೇಬಿಟ್ಟೆ. ಮುಳ್ಳುಗಳನ್ನು ಎತ್ತಿದಾಗ ಅವುಗಳಿಗೆ ಬಳಿದಿದ್ದ ಬಣ್ಣ ಒಣಗಿದ ಜೇನಿನ ಹಾಗೆ ಪುಡಿಪುಡಿಯಾಗಿ ಉದುರಿತು. ಊದಿ ಸ್ವಚ್ಛ ಮಾಡಿದೆ. ಒಂದು ವಿಚಿತ್ರ ಕಂಡಿತು: ಮುಳ್ಳು ತೆಗೆದ ಮೇಲೂ ಎಂಟು ಹತ್ತು ತೋರಿಸುವ ಕಂದು ನೆರಳು ಡಯಲ್ ಮೇಲೆ ಹಾಗೇ ಉಳಿದಿತ್ತು, ಇಸ್ತ್ರಿಪೆಟ್ಟಿಗೆ ಸುಟ್ಟ ಗುರುತಿನ ಹಾಗೆ. ಅದು ಏಕೆ? ಅಳಿಸಬಹುದೇ? ಹಿಂಬದಿಯ ಮುಚ್ಚಳಕ್ಕೆ ಯಾವ ಅಳತೆಯ ರಬ್ಬರ್ ಬಳೆ ಬೇಕು, ಯಾವ ಎಣ್ಣೆ, ಅದನ್ನೂ ತಿಳಿಸಿ.

ಇಂತಿ,
ಸ್ಟೂಲಿನಿಂದ ಬಿದ್ದವಳು


೯ ಜೂನ್ ೧೯೯೮

ಮಗಳೇ,

ನಿನ್ನ ಕಾಗದ ಈಗಷ್ಟೇ ಬಂತು. ಮೊದಲು ಹೇಳುವುದನ್ನು ಕೇಳು. ಆ ವಾಚನ್ನು ಇನ್ನು ಮುಟ್ಟಬೇಡ. ಊದಬೇಡ. ಪೊರಕೆ ಹಾಕಬೇಡ. ಒದ್ದೆ ಕಾಗದದಿಂದ ಮೇಜನ್ನು ಒರೆಸಿ, ಆ ಕಾಗದವನ್ನೂ ವಾಚನ್ನೂ ಬಿಡಿಭಾಗಗಳನ್ನೂ ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಮನೆಯ ಹೊರಗಿಡು. ಕೈ ಸೋಪಿನಲ್ಲಿ ತೊಳೆದುಕೋ, ಉಗುರಿನ ಸಂದಿಯಲ್ಲೂ. ಆ ಮೇಜಿನ ಮೇಲೆ ಸ್ವಲ್ಪ ದಿನ ಊಟ ಬೇಡ.

ಹಳೆಯ ಬಣ್ಣ, ಹೊಟ್ಟೆಗೆ ಹೋದರೆ ವಾಂತಿಯಾಗಬಹುದು, ಅಷ್ಟೇ. ಡಯಲ್ ಮೇಲಿನ ನೆರಳು ತೇವದಿಂದ ಆದದ್ದು. ಅದರ ಗೊಡವೆಗೆ ಹೋಗಬೇಡ.

ಮನೆಯಲ್ಲಿ ಯಾರು ಯಾರಿದ್ದೀರಿ? ಮಕ್ಕಳಿದ್ದಾರೆಯೇ? ಕೂಡಲೇ ಬರೆ.

ನಿನ್ನ ಮಾವ


೧೬ ಜೂನ್ ೧೯೯೮

ಮಾವನಿಗೆ,

ನಿಮ್ಮ ಕಾಗದ ಓದಿ ಸ್ವಲ್ಪ ಸಿಟ್ಟು ಬಂತು, ಆಮೇಲೆ ನಗು ಬಂತು. ಕಸುಬಿನವರು ತಮ್ಮ ಕಸುಬನ್ನು ಬೇರೆಯವರು ಮುಟ್ಟಿದರೆ ಹೀಗೇ. ನಮ್ಮ ಲ್ಯಾಬಿನಲ್ಲಿ ಹೊಸಬರು ನನ್ನ ಚಾಕು ಮುಟ್ಟಿದರೆ ನಾನೂ ಹೀಗೇ ಆಡುತ್ತೇನೆ. ಆದರೆ ಮೇಜಿನ ಮೇಲೆ ಊಟ ಬೇಡ ಎಂದರೆ ಎಲ್ಲಿ ಉಣ್ಣೋಣ, ಅಟ್ಟದ ಮೇಲೆಯೇ? ನೀವೇನೂ ಭಯಪಡಬೇಡಿ. ಆ ಬಣ್ಣದ ಕಥೆ ನನಗೆ ಗೊತ್ತು. ನಾನು ಅಮ್ಮನ ಹೊಟ್ಟೆಯಲ್ಲಿದ್ದಾಗ ಅಪ್ಪ ವಾಚಿನ ವಿಷದ ಬಣ್ಣವನ್ನು ನಿಮ್ಮಿಂದ ಕೆರೆಸಿ ಬೇರೆ ಹಾಕಿಸಿದ್ದು, ಅದನ್ನು ಅವರು ನೂರು ಸಲ ಹೇಳಿದ್ದಾರೆ. "ನೀನು ಸುಖವಾಗಿ ಹುಟ್ಟಿದ್ದಕ್ಕೆ ಅರ್ಧ ಪುಣ್ಯ ಅವನದ್ದು" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಮೂರೇ ಜನ. ನಾನು, ಬಸ್ ಓಡಿಸುವ ನನ್ನ ಗಂಡ, ಆರು ವರ್ಷದ ಮಗಳು. ಅವಳನ್ನು ನಾವು ಚಿನಕುರುಳಿ ಎಂದು ಕರೆಯುವುದು. ಬಾಯಿಗೆ ಬಿಡುವೇ ಇಲ್ಲ. ನಾನು ವಾಚು ಬಿಚ್ಚುವಾಗ ಎದುರಿಗೇ ಗದ್ದಕ್ಕೆ ಕೈಕೊಟ್ಟು ಕೂತಿದ್ದಳು. ಉದುರಿದ ಪುಡಿಯನ್ನು ಬೆರಳಿಂದ ಒಟ್ಟುಮಾಡಿ ಬೆಂಕಿಪೊಟ್ಟಣಕ್ಕೆ ತುಂಬಿಕೊಂಡಿದ್ದಾಳೆ. ಅವಳ ಗೊಂಬೆಗಳಿಗೆಲ್ಲ ಜ್ವರವಂತೆ, ಅದು ಔಷಧಿ. ಮೊನ್ನೆ ಮುಂದಿನ ಹಲ್ಲು ಬೇರೆ ಉದುರಿತು. ಪಕ್ಕದ್ದೂ ಅಲ್ಲಾಡುತ್ತಿದೆ. "ನನ್ನ ಲ್ಯಾಬಿಗೆ ಹೊಸ ಗಿರಾಕಿ" ಎಂದರೆ ಬಾಯಿ ಮುಚ್ಚಿಕೊಂಡು ಓಡುತ್ತಾಳೆ.

ರಬ್ಬರ್ ಬಳೆಯ ಅಳತೆ ನೀವು ಬರೆಯಲೇ ಇಲ್ಲ.

ನಿಮ್ಮ
ಸ್ಟೂಲಿನವಳು


೨೨ ಜೂನ್ ೧೯೯೮

ಮಗಳೇ,

ಈ ಕಾಗದಕ್ಕಿಂತ ಮೊದಲು ನನ್ನ ತಂತಿ ಸಿಕ್ಕಿರುತ್ತದೆ. ಬೆಂಕಿಪೊಟ್ಟಣ ಕಿತ್ತುಕೋ, ಮಗುವನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ಯಿ ಎಂದು ಅದರಲ್ಲಿ ಬರೆದಿದ್ದೇನೆ. ಏಕೆಂದು ಇಲ್ಲಿ ಬರೆಯುತ್ತಿದ್ದೇನೆ. ಅವಸರದ ಅಕ್ಷರ, ಕೂಡಿಸಿಕೊಂಡು ಓದು.

ನಾನು ಆ ಬಣ್ಣವನ್ನು ಬದಲಿಸಲಿಲ್ಲ.

ಅದು ರೇಡಿಯಂ. ಈಗ ಹೊಳೆಯುವ ಸ್ಟಿಕ್ಕರಿಗೆಲ್ಲ ರೇಡಿಯಂ ಎನ್ನುತ್ತಾರೆ, ಅದಲ್ಲ. ಇದು ನಿಜವಾದದ್ದು. ಹೊಳಪು ಸತ್ತು ಎಷ್ಟೋ ವರ್ಷವಾಗಿರಬಹುದು, ವಿಷ ಸತ್ತಿಲ್ಲ. ನಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ಕಾಲಕ್ಕೂ ಸಾಯುವುದಿಲ್ಲ. ನೀನು ಕಂಡ ನೆರಳು ತೇವದ್ದಲ್ಲ. ಹನ್ನೊಂದು ತಿಂಗಳು ಮುಳ್ಳು ಒಂದೇ ಕಡೆ ನಿಂತು ಅದರ ಬಣ್ಣ ಡಯಲನ್ನು ಸುಟ್ಟಿದೆ. ಅದನ್ನು ಓದಿದ ಕ್ಷಣವೇ ನನಗೆ ಗೊತ್ತಾಯಿತು. ಆ ದಿನವೇ ತಂತಿ ಕಚೇರಿಗೆ ಓಡಿದೆ. ಫಾರಂ ತುಂಬಿದೆ. ಗುಮಾಸ್ತ ಓದಿ "ಇದೇನು?" ಎಂದು ತಲೆಯೆತ್ತಿದರೆ ಏನು ಹೇಳಲಿ ಎಂದು ಹರಿದುಹಾಕಿದೆ. ಬಂದು ನಿನಗೆ ವಾಂತಿ, ತೇವ ಎಂದು ಸುಳ್ಳು ಬರೆದೆ. ಆ ಹದಿಮೂರು ದಿನ ನನ್ನ ತಲೆಯ ಮೇಲಿವೆ.

ನಿನ್ನ ಅಪ್ಪ ಆ ವಾಚನ್ನು ತಂದುಕೊಟ್ಟದ್ದು ೧೯೬೬ರಲ್ಲಿ. ಯಾವುದೋ ಹಡಗಿನ ಡಾಕ್ಟರು ಅವನ ಕೈಯ ವಾಚು ನೋಡಿ, ಬಸುರಿಯ ಹತ್ತಿರ ಇದನ್ನು ಇಡಬೇಡ ಎಂದರಂತೆ. "ಕೆರೆದು ಬೇರೆ ಬಣ್ಣ ಹಾಕಪ್ಪ, ಮಗು ಬರ್ತಾ ಇದೆ" ಎಂದ. ಆಗ ನನಗೆ ನಲವತ್ತೆರಡು. ನನಗೆ ಕಸುಬು ಕಲಿಸಿದ ಗುರುಗಳು ಆ ಬಣ್ಣ ಬಳಿಯುವಾಗ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ಮೊದಲು ಅವರ ಹಲ್ಲುಗಳು ಒಂದೊಂದಾಗಿ ಸಡಿಲವಾಗಿ ಬಿದ್ದವು. ಆಮೇಲೆ ದವಡೆ ಊದಿತು. ಕೊನೆಗೆ ಗಂಜಿ ಕುಡಿಯಲೂ ಬಾಯಿ ತೆರೆಯಲಾಗಲಿಲ್ಲ. ಚಮಚ ಹಿಡಿದು ಕೂತವನು ನಾನು.

ನಿನ್ನ ಅಪ್ಪನ ವಾಚನ್ನು ಬಿಚ್ಚಿದೆ. ಕೆರೆಯುವ ಅಲಗು ಕೈಯಲ್ಲಿ ಹಿಡಿದೆ. ಗುರುಗಳ ಬಾಯಿ ಕಣ್ಣಿಗೆ ಕಟ್ಟಿತು. ನನ್ನಿಂದ ಆಗಲಿಲ್ಲ ಮಗಳೇ. ಆ ಪುಡಿ ನನ್ನ ಮೂಗಿಗೆ ಹೋದರೆ ಎಂದು ಹೆದರಿ ಮುಚ್ಚಳ ಮುಚ್ಚಿದೆ. ಐದು ದಿನ ಡ್ರಾಯರಿನಲ್ಲಿಟ್ಟು, ಗಾಜು ಉಜ್ಜಿ, ರಬ್ಬರ್ ಬಳೆ ಬದಲಿಸಿ ವಾಪಸು ಕೊಟ್ಟೆ.

"ಆಯ್ತಾ?" ಎಂದ.

"ಆಯ್ತು" ಎಂದೆ.

ಕತ್ತಲಲ್ಲಿ ಹಿಡಿದು ನೋಡಿ, "ಮೊದಲಿಗಿಂತ ಚೆನ್ನಾಗಿ ಹೊಳೀತಾ ಇದೆ ಕಣೋ" ಎಂದು ನನ್ನ ಬೆನ್ನು ತಟ್ಟಿದ.

ನಾಳೆ ಹೇಳೋಣ, ಬೇರೆ ಡಯಲ್ ಸಿಕ್ಕಿದ ಮೇಲೆ ಹೇಳೋಣ ಎಂದುಕೊಂಡೆ. ನೀನು ಹುಟ್ಟಿದೆ, ಚೆನ್ನಾಗಿಯೇ ಇದ್ದೆ. ಸುಳ್ಳು ಹಳೆಯದಾಯಿತು, ನಾನೂ ಹಳೆಯವನಾದೆ.

ಮಗುವಿನ ಹಲ್ಲು ಬಿತ್ತು ಎಂದು ಬರೆದಿದ್ದೀಯ. ಇನ್ನೊಂದು ಅಲ್ಲಾಡುತ್ತಿದೆ ಎಂದಿದ್ದೀಯ. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಯಾವ ವಯಸ್ಸಿನಲ್ಲಿ ಏನಾಗುತ್ತದೆಂದು ತಿಳಿಯದು. ದವಡೆ ಊದಿದೆಯೇ? ಉಣ್ಣುತ್ತಾಳೆಯೇ? ಒಂದು ಸಾಲು ಬರೆ.


೮ ಜುಲೈ ೧೯೯೮

ಮಗಳೇ,

ಹದಿನಾರು ದಿನವಾಯಿತು. ಅಂಚೆಯವನು ಬೀದಿ ತುದಿಯಲ್ಲಿ ಕಂಡರೆ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಲ್ಲುತ್ತೇನೆ. ನನಗೆ ನಿನ್ನ ಬೈಗುಳವಾದರೂ ಸಾಕು. ಮಗು ಹೇಗಿದೆ?


೧೯ ಜುಲೈ ೧೯೯೮

ನನಗೆ ಬರೆಯುವುದು ಬೇಡ ಅನಿಸಿದರೆ, ಒಂದು ಕಾರ್ಡಿನ ಮೇಲೆ 'ಇದ್ದಾಳೆ' ಎಂದಷ್ಟೇ ಬರೆದು ಹಾಕು.


೨೭ ಜುಲೈ ೧೯೯೮

ಗಡಿಯಾರ ರಿಪೇರಿಯವರಿಗೆ,

ಇದ್ದಾಳೆ.

ಹಲ್ಲಿನ ವಿಷಯ ಮೊದಲು ಬರೆಯುತ್ತೇನೆ, ಏಕೆಂದರೆ ಅದು ನನ್ನ ಕಸುಬು. ಆರು ವರ್ಷಕ್ಕೆ ಎಲ್ಲ ಮಕ್ಕಳ ಹಾಲುಹಲ್ಲೂ ಬೀಳುತ್ತವೆ. ಇದು ನಮ್ಮ ಲ್ಯಾಬಿನ ಹೊಸಬರಿಗೂ ಗೊತ್ತು. ಆದರೂ ನಿಮ್ಮ ಕಾಗದ ಓದಿದ ಮೇಲೆ ಆ ಹಲ್ಲನ್ನು ಡಬ್ಬಿಯಿಂದ ತೆಗೆದು ಭೂತಗನ್ನಡಿಯಲ್ಲಿ ನೋಡಿದೆ. ಹಾಲುಹಲ್ಲಿನ ಬೇರು ಕರಗಬೇಕಾದ ಹಾಗೇ ಕರಗಿತ್ತು. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿದೆ. ಅವಳು ನಿದ್ದೆಯಲ್ಲಿ ಬಾಯಿ ತೆರೆದರೆ ಬಗ್ಗಿ ನೋಡುತ್ತೇನೆ. ನನಗೆ ಗೊತ್ತಿರುವುದನ್ನೆಲ್ಲ ನೀವು ನನ್ನಿಂದ ಕಿತ್ತುಕೊಂಡಿರಿ.

ನಿಮ್ಮ ತಂತಿ ಬಂದ ದಿನ ಬೆಂಕಿಪೊಟ್ಟಣ ಹುಡುಕಿ ತೆಗೆದೆ. ಖಾಲಿಯಿತ್ತು.

"ಪುಡಿ ಎಲ್ಲಿ?" ಎಂದೆ.

"ಗೊಂಬೆಗಳು ಕುಡಿದ್ಬಿಟ್ವು."

"ನೀನು?"

"ನಾನು ಸ್ವಲ್ಪ ರುಚಿ ನೋಡ್ದೆ ಅಮ್ಮ. ಡಾಕ್ಟರು ಮೊದ್ಲು ನೋಡ್ಬೇಕಲ್ವಾ?"

ನಾನು ಅವಳನ್ನು ಹೊಡೆದೆ. ಜೀವಮಾನದಲ್ಲಿ ಮೊದಲ ಸಲ. ಏಕೆಂದು ಅವಳಿಗೆ ಈಗಲೂ ಗೊತ್ತಿಲ್ಲ.

ಆಸ್ಪತ್ರೆಯವರು ಒಬ್ಬ ಅಧಿಕಾರಿಯನ್ನು ಕಳಿಸಿದರು. ಅವರ ಕೈಯಲ್ಲಿ ಟ್ರಾನ್ಸಿಸ್ಟರಿನಂಥ ಒಂದು ಪೆಟ್ಟಿಗೆ, ಈ ವಿಷ ಇದ್ದ ಕಡೆ ಸದ್ದು ಮಾಡುವಂಥದು. ಬಾಗಿಲಲ್ಲಿ ಅದು ಆಗೊಮ್ಮೆ ಈಗೊಮ್ಮೆ ಟಕ್ ಎನ್ನುತ್ತಿತ್ತು. ಊಟದ ಮೇಜಿನ ಹತ್ತಿರ ಬಂದಾಗ ಟಕಟಕ ಎಂದಿತು. ಹಲಗೆಗಳ ಸಂದಿಗೆ ಹಿಡಿದಾಗ ಬಿಡುವಿಲ್ಲದೆ ಟರ್ರ್ ಎಂದು ಹರಿದುಕೊಂಡಿತು. ಚಿನಕುರುಳಿ ಚಪ್ಪಾಳೆ ತಟ್ಟಿ, "ಅಮ್ಮಾ, ತಾತನ ವಾಚು ಓಡ್ತಾ ಇದೆ!" ಎಂದಳು. ಆ ಮನುಷ್ಯ ನನ್ನ ಮುಖ ನೋಡಲಿಲ್ಲ. ಅವಳ ಅಂಗೈ, ಉಗುರು, ಫ್ರಾಕಿನ ಜೇಬು, ಎಲ್ಲಕ್ಕೂ ಪೆಟ್ಟಿಗೆ ಹಿಡಿದರು. ಜೇಬು ಸದ್ದು ಮಾಡಿತು. ಮೂರು ಗೊಂಬೆಗಳ ಬಾಯಿಯೂ ಸದ್ದು ಮಾಡಿತು. ಕೊನೆಗೆ ನನ್ನ ಕಡೆ ತಿರುಗಿಸಿದರು. ಊದುವ ಬುಗ್ಗೆ ಹಿಡಿದಿದ್ದ ಬಲಗೈ ಹತ್ತಿರ ಅದು ಸುಮ್ಮನಿರಲಿಲ್ಲ.

ಕತ್ತರಿಸಿದ ಮೇಜು, ಗೊಂಬೆಗಳು, ಪರದೆ, ನನ್ನ ಚಿಮುಟಗಳು ಎಲ್ಲ ಹಳದಿ ಡ್ರಮ್ಮುಗಳಲ್ಲಿ ಹೋದವು. ಬೀದಿಯವರೆಲ್ಲ ಕಿಟಕಿಯಲ್ಲಿ ನಿಂತು ನೋಡಿದರು. ನನ್ನ ಗಂಡ ಹೇಳಿದ್ದು ಒಂದೇ ಮಾತು, "ಊದಿದ್ದು ನೀನೇ ಅಲ್ವಾ." ಆಮೇಲೆ ಅವರು ಮಾತಾಡಿಲ್ಲ. ನನ್ನ ಮತ್ತು ಮಗುವಿನ ಮೂತ್ರದ ಮಾದರಿಯನ್ನು ಆಸ್ಪತ್ರೆಯವರು ತೆಗೆದುಕೊಂಡು ಹೋಗಿದ್ದಾರೆ. ಫಲಿತಾಂಶಕ್ಕೆ ಎಂಟು ವಾರವಂತೆ. ನಾನು ಈಗ ಅದರ ಮಧ್ಯದಲ್ಲಿ ನಿಂತು ಬರೆಯುತ್ತಿದ್ದೇನೆ.

ಎರಡು ಮಾತು ಕೇಳಬೇಕು. ಕೊನೆಯ ಎರಡು ವರ್ಷ ಅಪ್ಪನ ಎಡಗೈ ಮಣಿಕಟ್ಟು ನೋಯುತ್ತಿತ್ತು. ವಯಸ್ಸು ಎಂದರು ಡಾಕ್ಟರು. ಅದು ಇದೇನಾ? ಇನ್ನೊಂದು: ಅಪ್ಪ ಒಬ್ಬರೇ ನಿಮ್ಮ ಹತ್ತಿರ ವಾಚು ತಂದದ್ದೇ? ಅವರು ತಮಗೆ ಒಳ್ಳೆಯದು ಅನಿಸಿದ್ದನ್ನು ಸ್ನೇಹಿತರಿಗೆ ಹೇಳದೆ ಬಿಡುವವರಲ್ಲ.


೩ ಆಗಸ್ಟ್ ೧೯೯೮

ಮಗಳೇ,

'ಇದ್ದಾಳೆ' ಎಂಬುದನ್ನು ಓದಿ ಅಂಗಡಿಯ ನೆಲದ ಮೇಲೆ ಕೂತುಬಿಟ್ಟೆ. ಮುಂದಿನದನ್ನು ಓದಲು ಒಂದು ದಿನ ಬೇಕಾಯಿತು.

ಅಪ್ಪನ ಮಣಿಕಟ್ಟಿನ ಬಗ್ಗೆ ನನಗೆ ಗೊತ್ತಿಲ್ಲ. ಅಲ್ಲ ಎಂದು ಬರೆಯಲು ಪೆನ್ನು ಎತ್ತಿದೆ; ನಿನಗೆ ಇನ್ನೊಂದು ಸುಳ್ಳು ಬರೆಯಲಾರೆ. ಗೊತ್ತಿಲ್ಲ.

ಎರಡನೆಯದು ಗೊತ್ತು. ಅವನು ಇನ್ನೂ ನಾಲ್ವರನ್ನು ಕಳಿಸಿದ. ನಾಲ್ವರೂ ಬಂದರಿನವರೇ, ನಾಲ್ವರ ಬಳಿಯೂ ಅಂಥದೇ ವಾಚು. ಒಬ್ಬನಿಗೆ ಮಾಡಿಕೊಟ್ಟು ನಮಗೆ ಯಾಕಿಲ್ಲ ಎಂದರೆ ನಾನೇನು ಹೇಳಲಿ? ನಾಲ್ವರಿಗೂ ಗಾಜು ಉಜ್ಜಿ ಕೊಟ್ಟೆ. ನಾಲ್ವರಿಗೂ "ಆಯ್ತು" ಎಂದೆ.

ನಾಲ್ಕನೆಯವನು ನಿನಗೆ ಗೊತ್ತು. ಅಪ್ಪ ನೀರಿಗಿಳಿದಾಗ ಮೇಲೆ ದೋಣಿಯಲ್ಲಿ ಜೀವದ ಹಗ್ಗ ಹಿಡಿದು ಕೂರುತ್ತಿದ್ದ ಹಗ್ಗದಣ್ಣ. ಇಪ್ಪತ್ತಾರು ವರ್ಷ ಒಂದು ಸಲವೂ ಹಗ್ಗದಿಂದ ಕಣ್ಣು ತೆಗೆಯದವನು. ಈಗಲೂ ದಿನಾ ಮಧ್ಯಾಹ್ನ ನನ್ನ ಅಂಗಡಿಗೆ ಬಂದು ಎದುರಿಗೆ ಕೂರುತ್ತಾನೆ. ನನಗೆ ಕಿವಿ ಕೇಳದಿದ್ದರೂ ನನ್ನ ಜೊತೆ ಮಾತಾಡುವ ಒಬ್ಬನೇ ಮನುಷ್ಯ. ನಿಧಾನವಾಗಿ ತುಟಿ ಅಲ್ಲಾಡಿಸುತ್ತಾನೆ, ನಾನು ಓದುತ್ತೇನೆ. ವಾಚು ಅವನ ಕೈಯಲ್ಲೇ ಇದೆ. ಗಾಜು ಗೀಚಿದೆ, ಉಜ್ಜಿಕೊಡು ಎಂದು ಮೊನ್ನೆ ಕೇಳಿದ. ನಾಳೆ ಎಂದೆ.

ನನಗೆ ಎಪ್ಪತ್ತನಾಲ್ಕು. ಸಾವಿನ ಹೆದರಿಕೆ ಅಷ್ಟಿಲ್ಲ. ನಿಜ ಹೇಳಿದರೆ ಅವನು ಮಾರನೆಯ ದಿನ ಬಂದು ಆ ಕುರ್ಚಿಯಲ್ಲಿ ಕೂರುವುದಿಲ್ಲವಲ್ಲ, ಅದರ ಹೆದರಿಕೆ.


೨೧ ಆಗಸ್ಟ್ ೧೯೯೮

ಮಾವನಿಗೆ,

ಈ ಬೆಳಿಗ್ಗೆ ಫಲಿತಾಂಶ ಬಂತು. ಲಕೋಟೆ ಒಡೆಯಲು ನನ್ನಿಂದಾಗಲಿಲ್ಲ. ನನ್ನ ಗಂಡ ಡ್ಯೂಟಿಗೆ ಹೋಗುವ ಸಮವಸ್ತ್ರದಲ್ಲೇ ನಿಂತು ಒಡೆದರು. ಮಗುವಿನ ಹಾಳೆಯನ್ನು ಮೂರು ಸಲ ಓದಿ, ಗೋಡೆ ಕಡೆ ತಿರುಗಿ ನಿಂತರು. ಆಮೇಲೆ ಗೊತ್ತಾಯಿತು, ಅಳುತ್ತಿದ್ದರು. ಅವಳಲ್ಲಿ ಏನೂ ಕಂಡುಬಂದಿಲ್ಲ. ನಾಲಿಗೆಗೆ ತಾಗಿದ್ದು ಅಷ್ಟು ಕಡಿಮೆಯಿರಬೇಕು, ಒಳಗೆ ನಿಂತಿಲ್ಲ ಎಂದರು ಡಾಕ್ಟರು. ಆರು ತಿಂಗಳಿಗೆ ಮತ್ತೊಮ್ಮೆ ನೋಡುತ್ತಾರೆ.

ನನ್ನ ಹಾಳೆಯನ್ನು ನಾನೇ ಮಡಿಸಿ ಇಟ್ಟುಕೊಂಡೆ. "ನಿಂದು?" ಎಂದರು. "ಅದೇ" ಎಂದೆ. ಅದೇ ಅಲ್ಲ. ನನ್ನಲ್ಲಿ ಸ್ವಲ್ಪ ಇದೆ. ಊದಿದ್ದು ನಾನಲ್ಲವೇ. ಏನೂ ಆಗದಿರಬಹುದು, ಪ್ರತಿ ವರ್ಷ ಬಂದು ತೋರಿಸಿಕೊಳ್ಳಿ ಎಂದಿದ್ದಾರೆ. ಮನೆಯಲ್ಲಿ ಎರಡು ತಿಂಗಳ ಮೇಲೆ ಇವತ್ತು ಮಾತು ಕೇಳಿಸುತ್ತಿದೆ; ಇವತ್ತೇ ಅದನ್ನು ನಿಲ್ಲಿಸಲು ಮನಸ್ಸಾಗಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ.

ಹಾಗೆ ಅಂದುಕೊಂಡ ಕೂಡಲೇ ಪೆನ್ನು ಕೆಳಗಿಟ್ಟೆ ಮಾವ. ಇದು ನಿಮ್ಮ ಮಾತು. ಸುಳ್ಳು ಹೀಗೆ, ಇಷ್ಟು ಸುಲಭವಾಗಿ, ಒಳ್ಳೆಯ ಮನಸ್ಸಿನಿಂದಲೇ ಶುರುವಾಗುತ್ತದೆಂದು ನನಗೆ ಗೊತ್ತಿರಲಿಲ್ಲ. ಈ ಕಾಗದವನ್ನು ಅರ್ಧಕ್ಕೆ ನಿಲ್ಲಿಸಿ ಬಸ್ ಡಿಪೋಗೆ ಹೋದೆ. ಅವರು ಬಸ್ಸಿನಿಂದ ಇಳಿಯುವ ಮೊದಲೇ ಕಿಟಕಿಯ ಕೆಳಗೆ ನಿಂತು ಹಾಳೆ ಕೊಟ್ಟೆ. ಓದಿದರು. ಕೆಳಗಿಳಿದು ನನ್ನ ಬಲಗೈ ಹಿಡಿದುಕೊಂಡರು. ಹಿಂದಿನ ಬಸ್ಸು ಹಾರ್ನ್ ಹೊಡೆಯುತ್ತಲೇ ಇತ್ತು.

ನಿಮ್ಮನ್ನು ಕ್ಷಮಿಸಿದ್ದೇನೆಂದು ತಿಳಿಯಬೇಡಿ. ಅದು ನನಗೇ ಇನ್ನೂ ಗೊತ್ತಾಗಿಲ್ಲ. ಡಯಲನ್ನೂ ಮುಳ್ಳುಗಳನ್ನೂ ಆಸ್ಪತ್ರೆಯವರು ಸೀಸದ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆ. ಕವಚವನ್ನೂ ಯಂತ್ರವನ್ನೂ ತೊಳೆದು ವಾಪಸು ಕೊಡುತ್ತಾರಂತೆ. ನಿಮ್ಮಿಂದ ಬೇರೆ ಡಯಲ್ ಬೇಡ.

ನಾಲ್ವರಿಗೂ ಹೇಳಿ. ಕಾಗದ ಬರೆದಲ್ಲ, ಹೋಗಿ ಹೇಳಿ. ಅವರ ಮನೆಗಳಲ್ಲೂ ಮೇಜುಗಳಿರುತ್ತವೆ. ನೀವೂ ಪರೀಕ್ಷೆ ಮಾಡಿಸಿಕೊಳ್ಳಿ. ಇಷ್ಟು ವರ್ಷ ಅಂಥ ವಾಚುಗಳ ಮಧ್ಯೆ ಕೂತಿದ್ದೀರಿ.


೬ ಸೆಪ್ಟೆಂಬರ್ ೧೯೯೮

ಮಗಳೇ,

ಹೋಗಿ ಬಂದೆ.

ಮೊದಲನೆಯವನು ತೀರಿಕೊಂಡು ಎರಡು ವರ್ಷವಾಗಿದೆ. "ವಾಚನ್ನ ಅವರ ಜೊತೇಲೇ ಮಣ್ಣಿಗೆ ಕಳಿಸಿದ್ವಿ" ಎಂದು ಅವನ ಹೆಂಡತಿ ಕಾಗದದ ಮೇಲೆ ಬರೆದು ತೋರಿಸಿದಳು. ನಾನು ಹೇಳುವುದನ್ನೆಲ್ಲ ಕೇಳಿ ನೀರು ತಂದುಕೊಟ್ಟಳು. ಲೋಟವನ್ನು ಹಾಗೇ ಇಟ್ಟು ಬಂದೆ.

ಎರಡನೆಯವನು ಊರು ಬಿಟ್ಟಿದ್ದಾನೆ. ಅವನ ತಂಗಿಯನ್ನು ಹುಡುಕಿ ವಿಳಾಸ ತೆಗೆದುಕೊಂಡೆ. ದೂರ, ಬುಧವಾರದ ರೈಲಿಗೆ ಹೋಗುತ್ತೇನೆ.

ಮೂರನೆಯ ಮನೆಯಲ್ಲಿ ಮಗ ಬಾಗಿಲು ತೆಗೆದ. ವಾಚು ಅವನ ಹೆಂಡತಿಯ ಕೈಯಲ್ಲಿತ್ತು, ಅವಳ ಕಂಕುಳಲ್ಲಿ ಕೂಸಿತ್ತು. ನಾನು ಹೇಳಿದ ಕೂಡಲೇ ಅವಳು ವಾಚನ್ನು ಕಿತ್ತು ಅಂಗಳಕ್ಕೆ ಎಸೆದಳು. ಅವನು ನನ್ನ ಅಂಗಿ ಹಿಡಿದು ಗೋಡೆಗೆ ಒತ್ತಿ ಕೂಗಿದ. ನನಗೆ ಕೇಳಿಸಲಿಲ್ಲ. ಆದರೆ ತುಟಿ ಓದಲು ಬರುತ್ತದಲ್ಲ, ಒಂದು ಅಕ್ಷರವೂ ತಪ್ಪಲಿಲ್ಲ. ಅವನು ಬಿಟ್ಟ ಮೇಲೆ ನಾನೇ ಅಂಗಳಕ್ಕೆ ಹೋಗಿ, ಒದ್ದೆ ಬಟ್ಟೆಯೊಳಕ್ಕೆ ವಾಚನ್ನೂ ಒಡೆದ ಗಾಜನ್ನೂ ಬಿದ್ದ ಪುಡಿಯನ್ನೂ ಬರಿಗೈಯಲ್ಲಿ ಒಟ್ಟುಮಾಡಿದೆ. ಮೂವತ್ತೆರಡು ವರ್ಷದ ಹಿಂದೆ ಮಾಡಬೇಕಾಗಿದ್ದ ಕೆಲಸ. ಈ ಸಲ ಅರ್ಧಕ್ಕೆ ಬಿಡಲಿಲ್ಲ. ಇಲ್ಲಿಯ ಆಸ್ಪತ್ರೆಗೆ ತಿಳಿಸಿದ್ದೇನೆ. ನನ್ನ ಮಾದರಿಯನ್ನೂ ಕೊಟ್ಟೆ.

ಈಗ ಮಧ್ಯಾಹ್ನ ಮೂರು ಗಂಟೆ. ಹಗ್ಗದಣ್ಣ ಎದುರಿಗೆ ಕೂತಿದ್ದಾನೆ. ವಾಚು ಕಳಚಿ ನನ್ನ ಮೇಜಿನ ಮೇಲೆ ಇಟ್ಟಿದ್ದಾನೆ, ಗಾಜು ಉಜ್ಜಿಸಿಕೊಂಡೇ ಹೋಗುವುದು ಎಂದು ಹಟ. "ಯಾರಿಗೆ ಅಷ್ಟುದ್ದ ಬರೀತಾ ಇದೀಯ?" ಎನ್ನುತ್ತಿದ್ದಾನೆ. ಬಾಯಿ ತೆರೆದೆ ಮಗಳೇ, ಸ್ವರ ಹೊರಡಲಿಲ್ಲ. ಎರಡು ಸಲ ತೆರೆದೆ. ಅವನು ನಗುತ್ತಿದ್ದಾನೆ.

ನಿನ್ನ ಕಾಗದಗಳನ್ನೆಲ್ಲ ಡ್ರಾಯರಿನಿಂದ ತೆಗೆದಿದ್ದೇನೆ. ಅವನ್ನೂ ಈ ಕಾಗದವನ್ನೂ ಅವನ ಕಡೆ ತಿರುಗಿಸಿ ಇಡುತ್ತಿದ್ದೇನೆ. ಅವನು ಓದಿ ಮುಗಿಸುವವರೆಗೆ ಅವನ ಮುಖ ನೋಡಿಕೊಂಡು ಇಲ್ಲೇ ಕೂತಿರುತ್ತೇನೆ.

ನಿನ್ನ ಮಾವ


(ಅದೇ ಹಾಳೆಯ ಕೆಳಗೆ, ಬೇರೆ ಕೈಬರಹದಲ್ಲಿ)

ಅಮ್ಮಾ, ನಾನು ಹಗ್ಗದಣ್ಣ. ಎಲ್ಲಾ ಓದಿದೆ. ಈ ವಾಚು ಹೊಳೆಯೋದು ನೋಡ್ತಾ ನೋಡ್ತಾ ನನ್ನ ಮಗಳು ಹತ್ತು ವರ್ಷ ಇದನ್ನ ಕೆನ್ನೆ ಕೆಳಗೆ ಇಟ್ಕೊಂಡೇ ಮಲಗ್ತಿದ್ಲು. ಅವಳು ಈಗ ನಿಮ್ಮ ಊರಲ್ಲೇ ಇದಾಳೆ. ಆ ಪೆಟ್ಟಿಗೆ ಹಿಡಿದು ನೋಡೋ ಸಾಹೇಬರು ಯಾವ ಆಸ್ಪತ್ರೆಯವರು, ಬೇಗ ತಿಳಿಸು. ಇವನ ಜೊತೆ ಏನು ಮಾತಾಡಬೇಕೋ ನನಗಿನ್ನೂ ಗೊತ್ತಾಗ್ತಿಲ್ಲ. ಕಾಗದ ನಾನೇ ಅಂಚೆಗೆ ಹಾಕ್ತಾ ಇದೀನಿ.